34 ಪುಟದ ಹೋಟೆಲ್ ಕಥೆ, 15 ನಿಮಿಷದ ಕಿರುಚಿತ್ರ: ಎಲ್ಲಿ ಕತ್ತರಿ ಹಾಕಲಿ?

ಕಲ್ಯಾಣ್ ಸ್ಲೋ (ಡೊಂಬಿವಲಿ)

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ ಸೇರಿ ಕನ್ನಡದಲ್ಲಿ ಒಂದು ಕಿರುಚಿತ್ರ ಮಾಡಲು ಹೊರಟಿದ್ದೇವೆ. ಕ್ಯಾಮೆರಾ ಒಬ್ಬನ ಹತ್ತಿರ ಇದೆ, ಎಡಿಟಿಂಗ್ ಇನ್ನೊಬ್ಬ ಮಾಡುತ್ತಾನೆ. ಸ್ಕ್ರಿಪ್ಟ್ ನನ್ನ ತಲೆಗೆ ಬಂದಿದೆ. 15 ನಿಮಿಷದ ಸಿನಿಮಾ ಅಂತ ಮಾತಾಗಿತ್ತು. ಬರೆದು ಮುಗಿಸಿದಾಗ 34 ಪುಟ.

ಕಥೆ ಇಷ್ಟು. ಶೀನಣ್ಣ, ವಯಸ್ಸು 46, ಕುಂದಾಪುರ ಕಡೆಯವನು. 1988ರಲ್ಲಿ ಹದಿನೈದು ವರ್ಷದ ಹುಡುಗನಾಗಿ ಬೊಂಬಾಯಿಗೆ ಬಂದು ಮಾಟುಂಗಾದ ಒಂದು ಉಡುಪಿ ಹೋಟೆಲ್ ಸೇರುತ್ತಾನೆ. ಹಗಲು ಟೇಬಲ್ ಒರೆಸುವ ಕೆಲಸ, ರಾತ್ರಿ ಫೋರ್ಟ್‌ನಲ್ಲಿ ಕನ್ನಡ ನೈಟ್ ಸ್ಕೂಲ್. ಆಮೇಲೆ ಸಪ್ಲೈಯರ್ ಆಗುತ್ತಾನೆ. 2019ರಲ್ಲಿ ಹೋಟೆಲ್ ಮಾರಾಟವಾಗುತ್ತದೆ. ಹಳೆ ಮಾಲೀಕರು ತೀರಿಹೋಗಿದ್ದಾರೆ. ಅವರ ಮಗ ಒಂದು ಕವರ್ ಕೊಟ್ಟು, ಒಂದು ಕಾಗದಕ್ಕೆ ಸಹಿ ಹಾಕಲು ಹೇಳುತ್ತಾನೆ. ಶೀನಣ್ಣ ಸಹಿ ಹಾಕಿ, ಮಾಟುಂಗಾ ರೋಡಲ್ಲಿ ಲೋಕಲ್ ಹತ್ತಿ, ಕುರ್ಲಾಕ್ಕೆ ಹೋಗಿ ರಾತ್ರಿ ಊರಿನ ರೈಲು ಮತ್ಸ್ಯಗಂಧ ಹಿಡಿಯುತ್ತಾನೆ.

ಇದರಲ್ಲಿ 12 ಪುಟ ಫ್ಲ್ಯಾಶ್‌ಬ್ಯಾಕ್. ಊರಿನಿಂದ ರೈಲಲ್ಲಿ ಬಂದು ವಿ.ಟಿ. ಸ್ಟೇಷನ್ನಿನಲ್ಲಿ ಇಳಿಯುವುದು, ನೈಟ್ ಸ್ಕೂಲು, ಫೋರ್ಟ್ ಬೀದಿಗಳು. ನಡುನಡುವೆ ಶೀನಣ್ಣನ ವಾಯ್ಸ್ ಓವರ್. ನನಗೆ ಇಷ್ಟವಾದ ಭಾಗವೇ ಅದು. ಟೀಮಿನವರು ಅದನ್ನೇ ತೆಗಿ ಅನ್ನುತ್ತಿದ್ದಾರೆ. ಫೈಲಿನ ಲಿಂಕ್ ಕೆಳಗೆ ಹಾಕಿದ್ದೇನೆ. ಎಲ್ಲಿ ಕತ್ತರಿ ಹಾಕಲಿ? ಒಂದು ಪುಟಕ್ಕೆ ಒಂದು ನಿಮಿಷ ಅನ್ನುವ ಲೆಕ್ಕ ಕನ್ನಡಕ್ಕೂ ನಡೆಯುತ್ತದಾ?

ಕತ್ತರಿ ಕೆಲಸ (ಅಂಧೇರಿ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಆ ಲೆಕ್ಕ ಹುಟ್ಟಿದ್ದು ಇಂಗ್ಲಿಷ್ ಸ್ಕ್ರಿಪ್ಟಿಗೆ. ಕೊರಿಯರ್ ಫಾಂಟ್, 12 ಪಾಯಿಂಟ್, ಮಾತುಗಳೆಲ್ಲ ಪುಟದ ನಡುವೆ ಕಿರಿದಾಗಿ. ಕೊರಿಯರ್‌ನಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲ. ಹಾಗಾಗಿ ಒಂದು ಪುಟದಲ್ಲಿ ಹಿಡಿಯುವ ಮಾತು ಹೆಚ್ಚುಕಮ್ಮಿ ಒಂದೇ ಅಳತೆ. ಕನ್ನಡದಲ್ಲಿ ಒತ್ತಕ್ಷರಕ್ಕೆ ಜಾಗ ಬೇಕು, ಸಾಲಿನ ಎತ್ತರ ಜಾಸ್ತಿ. ಫಾಂಟ್ ಬದಲಿಸಿದರೆ ಪುಟದ ಲೆಕ್ಕವೂ ಬದಲಾಗುತ್ತದೆ. ನಿಮ್ಮ 34 ಪುಟ 28 ನಿಮಿಷ ಆಗಬಹುದು, 45 ಕೂಡ ಆಗಬಹುದು.

ಮೊಬೈಲಿನ ಸ್ಟಾಪ್‌ವಾಚ್ ಹಚ್ಚಿ. ಮಾತುಗಳನ್ನು ಗಟ್ಟಿಯಾಗಿ ಓದಿ, ಕೆಲಸಗಳನ್ನು ಎದ್ದು ಮಾಡಿ ನೋಡಿ. ‘ಶೀನಣ್ಣ ಎಲ್ಲ ಟೇಬಲ್ ಒರೆಸಿ ಕುರ್ಚಿ ಮೇಲೆತ್ತುತ್ತಾನೆ’ ಅಂತ ಒಂದೇ ಸಾಲು ಬರೆದಿದ್ದೀರಿ. ನಿಜವಾಗಿ ಮಾಡಿದರೆ ಹತ್ತು ನಿಮಿಷ ಬೇಕು. ಎಡಿಟಿಂಗ್‌ನಲ್ಲಿ ಇಪ್ಪತ್ತು ಸೆಕೆಂಡಿಗೆ ಇಳಿಸಬಹುದು, ಆದರೆ ಅದಕ್ಕೆ ಎಷ್ಟು ಸೆಕೆಂಡ್ ಅನ್ನುವುದು ಬರೆಯುವಾಗಲೇ ನಿಮ್ಮ ತಲೆಯಲ್ಲಿರಬೇಕು.

‘ಕ್ಯಾಮೆರಾ ನಿಧಾನವಾಗಿ ಝೂಮ್’ ಅಂತ ಎಲ್ಲೆಲ್ಲಿ ಇದೆಯೋ ಎಲ್ಲ ತೆಗೆದುಬಿಡಿ. ಅದು ಕ್ಯಾಮೆರಾದವರು ಜಾಗ ನೋಡಿದ ಮೇಲೆ ತೀರ್ಮಾನ ಮಾಡುವ ವಿಷಯ.

ಇನ್ನು ಮುಖ್ಯ ಮಾತು. ಓದಿದೆ. ನೀವು ಬರೆದಿರುವುದು ಒಬ್ಬನ 31 ವರ್ಷ. 15 ನಿಮಿಷಕ್ಕೆ ಹಿಡಿಯುವುದು ಅವನ ಒಂದು ಮಧ್ಯಾಹ್ನ. ಎಲ್ಲ ಸೀನಿನಿಂದ ಸ್ವಲ್ಪ ಸ್ವಲ್ಪ ತೆಗೆದರೆ ಯಾವ ಸೀನೂ ಉಳಿಯುವುದಿಲ್ಲ. ಯಾವ ಮಧ್ಯಾಹ್ನ ಅಂತ ಮೊದಲು ಹೇಳಿ.

ಕಿಂಗ್ಸ್ ಸರ್ಕಲ್ ಅಕ್ಕ

ನಮ್ಮ ಅಪ್ಪನದ್ದೂ ಹೋಟೆಲ್ ಇತ್ತು. ಗಲ್ಲಾದ ಹಿಂದೆ ಕೂತು ಹೋಂವರ್ಕ್ ಮಾಡಿ ಬೆಳೆದವಳು ನಾನು. ಅದಕ್ಕೇ ಕೆಲವು ಕಡೆ ತಡೆಯಲಾಗಲಿಲ್ಲ ತಮ್ಮಾ.

1988ರಲ್ಲಿ ಕುಂದಾಪುರದಿಂದ ಬೊಂಬಾಯಿಗೆ ಯಾವ ರೈಲು? ಕೊಂಕಣ ರೈಲ್ವೆ ಪೂರ್ತಿ ಓಡಲು ಶುರುವಾಗಿದ್ದು 1998ರಲ್ಲಿ. ಆಗ ಹುಡುಗರು ಬರುತ್ತಿದ್ದದ್ದು ಬಸ್ಸಿನಲ್ಲಿ, ಘಾಟಿ ಹತ್ತಿ ಇಳಿದು, ವಾಂತಿ ಮಾಡಿಕೊಂಡು. ನಿಮ್ಮ ವಿ.ಟಿ. ಸೀನು ಅಲ್ಲಿಗೇ ಹೋಯಿತು.

ಮಾಟುಂಗಾ ರೋಡ್ ವೆಸ್ಟರ್ನ್ ಲೈನು. ಅಲ್ಲಿ ಹತ್ತಿದರೆ ಕುರ್ಲಾ ಬರುವುದೇ ಇಲ್ಲ. ಸೆಂಟ್ರಲ್ ಲೈನಿನ ಮಾಟುಂಗಾ ಸ್ಟೇಷನ್‌ಗೆ ಹೋಗಬೇಕು, ಸ್ಲೋ ಹತ್ತಬೇಕು. (ನಿಮ್ಮ ಹೆಸರು ನೋಡಿದರೆ ಇದು ನಿಮಗೆ ಗೊತ್ತಿರಬೇಕಿತ್ತು!) ಮತ್ತೆ ಮತ್ಸ್ಯಗಂಧ ರಾತ್ರಿ ಬಿಡುವ ಗಾಡಿ ಅಲ್ಲ, ಮಧ್ಯಾಹ್ನ ಮೂರು ಹೊಡೆದ ಮೇಲೆ ಬಿಡುತ್ತದೆ.

ಇವೆಲ್ಲ ಸಣ್ಣದು. ದೊಡ್ಡದು ಬೇರೆ ಇದೆ. ಶೀನಣ್ಣ ಮಲಗುವುದು ಎಲ್ಲಿ? ನಿಮ್ಮ ಸ್ಕ್ರಿಪ್ಟಿನಲ್ಲಿ ಅವನಿಗೆ ಮನೆಯೇ ಇಲ್ಲ. ನಮ್ಮಲ್ಲಿ ಶಟರ್ ಎಳೆದ ಮೇಲೆ ಹುಡುಗರು ಅದೇ ಟೇಬಲ್‌ಗಳನ್ನು ಜೋಡಿಸಿ ಮಲಗುತ್ತಿದ್ದರು. ಟ್ರಂಕು, ಹಾಸಿಗೆ ಸುರುಳಿ ಎಲ್ಲ ಅಟ್ಟದ ಮೇಲೆ. ಬೆಳಿಗ್ಗೆ ಅಡಿಗೆ ಭಟ್ಟರು ಎದ್ದು ಗ್ರೈಂಡರ್ ಹಾಕಿದರೆ ಅದೇ ಅಲಾರಂ. ಅಂದರೆ ಹೋಟೆಲ್ ಹೋದರೆ ಅವನ ಕೆಲಸ ಒಂದೇ ಅಲ್ಲ, ಮಲಗುವ ಜಾಗವೂ ಹೋಯಿತು. ಇದನ್ನು ಹೇಳಲು ವಾಯ್ಸ್ ಓವರ್ ಬೇಡ. ಟೇಬಲ್ ಪಕ್ಕ ಟ್ರಂಕು ಇಟ್ಟರೆ ಸಾಕು.

ಒಂದು ಪ್ರಶ್ನೆ. ಆ ಸಹಿ ಹಾಕುವ ಕಾಗದ ಯಾವ ಭಾಷೆಯಲ್ಲಿದೆ?

ಕಲ್ಯಾಣ್ ಸ್ಲೋ (ಡೊಂಬಿವಲಿ)

ಇಂಗ್ಲಿಷ್. ಯಾಕೆ ಅಕ್ಕ?

ಕಿಂಗ್ಸ್ ಸರ್ಕಲ್ ಅಕ್ಕ

ಅವನಿಗೆ ಓದಲು ಬರುತ್ತದಲ್ಲ ಮಾರಾಯ! ನೈಟ್ ಸ್ಕೂಲ್ ಕಲಿತವನು. ಮಾಲೀಕರ ಮಗನಿಗೆ ಅದು ಗೊತ್ತಿಲ್ಲ. ಅವನು ಹುಟ್ಟುವಾಗ ಶೀನಣ್ಣ ಟೇಬಲ್ ಒರೆಸುತ್ತಿದ್ದ, ಈಗಲೂ ಅವನ ಕಣ್ಣಿಗೆ ಟೇಬಲ್ ಒರೆಸುವವನೇ. ಆ ಕಾಗದವನ್ನು ಓದಿಸಿ. ನಿಮ್ಮ 12 ಪುಟ ಅಲ್ಲೇ ಬರುತ್ತದೆ.

ಕತ್ತರಿ ಕೆಲಸ (ಅಂಧೇರಿ)

ಅಕ್ಕ ನಮ್ಮ ಹೊಟ್ಟೆ ಮೇಲೆ ಹೊಡೆಯುತ್ತಿದ್ದಾರೆ. ಇಂಥವರು ಹತ್ತು ಜನ ಇದ್ದರೆ ಎಡಿಟರ್‌ಗಳಿಗೆ ಕೆಲಸ ಇರುವುದಿಲ್ಲ.

ಕೊಥ್ರೂಡ್ ಕಾಕಾ (ಪುಣೆ)

ಅಕ್ಕಾವ್ರು ಹೇಳಿದ್ದು ಖರೇ. ನಾನೂ ಒಂದು ಮಾತು ಸೇರಿಸುತ್ತೇನೆ.

ನಮ್ಮ ಪುಣೆಯ ಎಫ್‌ಟಿಐಐ (ಸಿನಿಮಾ ಕಲಿಸುವ ಸರ್ಕಾರಿ ಸಂಸ್ಥೆ) ಇರುವುದು ಹಳೆಯ ಪ್ರಭಾತ್ ಸ್ಟುಡಿಯೋ ಜಾಗದಲ್ಲಿ. 1960ರಲ್ಲಿ ಶುರುವಾಯಿತು. ನಮ್ಮ ಗಿರೀಶ ಕಾರ್ನಾಡರು ಅದರ ಡೈರೆಕ್ಟರ್ ಆಗಿದ್ದರು, ಕಾಸರವಳ್ಳಿಯವರು ಅಲ್ಲೇ ಕಲಿತವರು. ಅಲ್ಲಿನ ಹುಡುಗರು ಆ ರಸ್ತೆಯ ಚಹಾದ ಗಾಡಿ ಹತ್ತಿರ ನಿಂತು ಜಗಳಾಡುವುದನ್ನು ಕೇಳುತ್ತಾ ನನಗೆ ವಯಸ್ಸಾಯಿತು. ಅವರು ಒಬ್ಬರಿಗೊಬ್ಬರು ಯಾವಾಗಲೂ ಕೇಳುವ ಪ್ರಶ್ನೆ ಇಷ್ಟೇ: ಇದು ಕಾಣುತ್ತದೇನು? ಕೇಳುತ್ತದೇನು? ಎರಡೂ ಇಲ್ಲದಿದ್ದರೆ ಸ್ಕ್ರಿಪ್ಟಿನಲ್ಲಿ ಯಾಕಿದೆ?

ನಿಮ್ಮ ಏಳನೇ ಪುಟದಲ್ಲಿ ‘ಶೀನಣ್ಣನಿಗೆ ತಾನು ಈ ಊರಿಗೆ ಸೇರಿದವನಲ್ಲ ಎಂಬ ಭಾವನೆ ಆಳವಾಗಿ ಕಾಡುತ್ತದೆ’ ಅಂತ ಇದೆ. ಕಥೆಯಲ್ಲಾದರೆ ನಡೆಯುತ್ತದೆ. ಇಲ್ಲಿ ಪಾಪ ಆ ನಟ ಏನು ಮಾಡಬೇಕು? ಮುಖ ಗಂಟು ಹಾಕಿಕೊಂಡು ಕಿಟಕಿ ನೋಡುತ್ತಾನೆ. ಕಿರುಚಿತ್ರದಲ್ಲಿ ಕಿಟಕಿ ನೋಡುವವರು ಈಗಾಗಲೇ ಜಾಸ್ತಿ ಆಗಿದ್ದಾರೆ.

ಇನ್ನು 1988 ತೋರಿಸುವ ಖರ್ಚು ಯೋಚನೆ ಮಾಡಿದ್ದೀರೇನು? ಆಗಿನ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ 2023ಕ್ಕೆ ರಸ್ತೆಯಿಂದ ಪೂರ್ತಿ ಹೋಯಿತು. ಬೆಸ್ಟ್‌ನ ಹಳೆ ಡೀಸೆಲ್ ಡಬಲ್ ಡೆಕರ್ ಬಸ್ಸು ಕೂಡ ಅದೇ ವರ್ಷ ಹೋಯಿತು. ಊರಿನ ಹೆಸರು ಬೋರ್ಡ್ ಮೇಲೆ ಬಾಂಬೆ ಅಂತ ಇರಬೇಕು, ಮುಂಬಯಿ ಆಗಿದ್ದು 1995ಕ್ಕೆ. ವಿ.ಟಿ.ಗೆ ಹೊಸ ಹೆಸರು ಬಂದಿದ್ದು 1996ಕ್ಕೆ. ಫ್ರೇಮಿನ ಮೂಲೆಯಲ್ಲಿ ಒಂದು ಎಲ್‌ಇಡಿ ಬೋರ್ಡ್ ಕಂಡರೆ ಸಾಕು, ನೋಡುವವರು ಕಥೆ ಬಿಟ್ಟು ಅದನ್ನೇ ಹಿಡಿದುಕೊಳ್ಳುತ್ತಾರೆ.

ಬೂಮ್ ಹುಡುಗ (ಗೋರೆಗಾಂವ್)

ಸೌಂಡ್ ರೆಕಾರ್ಡಿಂಗ್ ಮಾಡುವವನು ನಾನು. ಲೋಕಲ್ ಸೀನಿನ ಬಗ್ಗೆ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ರೈಲ್ವೆ ಜಾಗದಲ್ಲಿ ಶೂಟಿಂಗ್‌ಗೆ ಅನುಮತಿ ಬೇಕು, ದುಡ್ಡು ಕಟ್ಟಬೇಕು. ಸೆಂಟ್ರಲ್ ಬೇರೆ, ವೆಸ್ಟರ್ನ್ ಬೇರೆ, ಎರಡಕ್ಕೂ ಆಫೀಸು ಬೇರೆ. ಮೊಬೈಲಲ್ಲಿ ಕದ್ದು ತೆಗೆಯುತ್ತೇವೆ ಅನ್ನಬೇಡಿ. ನಾನು ಹಾಗೆ ಹೋದ ಒಂದು ಟೀಮಿನ ಜೊತೆ ಸಂಜೆಯೆಲ್ಲ ಪೊಲೀಸ್ ಚೌಕಿಯಲ್ಲಿ ಕೂತಿದ್ದೆ. ಫೂಟೇಜೂ ಉಳಿಯಲಿಲ್ಲ.

ರೈಲನ್ನು ಕೇಳಿಸಿ, ತೋರಿಸಬೇಡಿ. ಮಾಟುಂಗಾ ಸ್ಟೇಷನ್ ಹತ್ತಿರದ ಹೋಟೆಲ್ ಅಂದಮೇಲೆ ಅನೌನ್ಸ್‌ಮೆಂಟ್ ಗಾಳಿಯಲ್ಲಿ ಬರುತ್ತದೆ. ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ. ಅದನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಹಾಕಬಹುದು.

ಹೋಟೆಲ್ ನಡೆಯುತ್ತಿರುವಾಗ ಶೂಟ್ ಮಾಡುವ ಯೋಚನೆ ಇದ್ದರೆ ಅದನ್ನೂ ಬಿಡಿ. ಸ್ಟೀಲ್ ಲೋಟ, ತಟ್ಟೆ, ಎಕ್ಸಾಸ್ಟ್ ಫ್ಯಾನು. ಒಂದು ಮಾತೂ ಸಿಗುವುದಿಲ್ಲ. ಆಮೇಲೆ ಡಬ್ಬಿಂಗ್ ಅಂತ ಓಡಾಡುತ್ತೀರಿ.

ಕಿಂಗ್ಸ್ ಸರ್ಕಲ್ ಅಕ್ಕ

ಮಾಟುಂಗಾದಲ್ಲಿ ಕೆಲವು ಹೋಟೆಲ್‌ಗಳಿಗೆ ಸೋಮವಾರ ರಜೆ. ಸೋಮವಾರ ಕೇಳಿ ನೋಡಿ. ಕಥೆಯನ್ನೂ ಸೋಮವಾರಕ್ಕೇ ಇಡಿ. ಬಂದ್ ಆಗಿರುವ ಹೋಟೆಲ್, ಇಬ್ಬರೇ ಜನ, ಜೇಬಲ್ಲಿ ಮಧ್ಯಾಹ್ನದ ಮತ್ಸ್ಯಗಂಧ ಟಿಕೆಟ್. ಗಿರಾಕಿಗಳ ಪಾತ್ರಕ್ಕೆ ಇಪ್ಪತ್ತು ಜನ ಸಂಬಂಧಿಕರನ್ನು ಕರೆಯುವ ತಾಪತ್ರಯವೂ ಇಲ್ಲ.

ಕರಿಕೋಟು (ಥಾಣೆ)

ವಕೀಲ ನಾನು, ಸಿನಿಮಾ ಗೊತ್ತಿಲ್ಲ. ಆದರೆ ಆ ಕಾಗದದಲ್ಲಿ ಏನು ಬರೆದಿದೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ. ಸ್ಕ್ರಿಪ್ಟಿನಲ್ಲಿ ‘ಲೆಕ್ಕ ಚುಕ್ತಾ’ ಅಂತಷ್ಟೇ ಇದೆ. ಕವರಿನಲ್ಲಿ ಎಷ್ಟಿದೆ?

2019ರ ಕಥೆ ಅಂದರೆ 1972ರ ಗ್ರಾಚುಟಿ (ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಹಣ) ಕಾಯ್ದೆ ಜಾರಿಯಲ್ಲಿತ್ತು. ಕನಿಷ್ಠ ಐದು ವರ್ಷ ಕೆಲಸ ಮಾಡಿದವನಿಗೆ ಒಂದೊಂದು ವರ್ಷಕ್ಕೆ 15 ದಿನದ ಸಂಬಳ. ತಿಂಗಳಿಗೆ 26 ದಿನ ಅಂತ ಹಿಡಿದು ಲೆಕ್ಕ. ಕೊನೆಯ ಸಂಬಳ 18,000 ಅಂತಿಟ್ಟುಕೊಳ್ಳಿ. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, 31 ವರ್ಷದಿಂದ ಗುಣಿಸಿದರೆ 3,21,923 ರೂಪಾಯಿ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸಕ್ಕಿರುವ ಕಡೆ ಇದು ಅನ್ವಯ. ಈಗ ಹೋಟೆಲಲ್ಲಿ ನಾಲ್ಕೇ ಜನ ಅಂತ ಮಗ ವಾದ ಮಾಡಬಹುದು. ನಡೆಯುವುದಿಲ್ಲ. ಒಮ್ಮೆ ಕಾಯ್ದೆ ಅನ್ವಯವಾದರೆ ಆಮೇಲೆ ಜನ ಕಡಿಮೆಯಾದರೂ ಅನ್ವಯವೇ. ಇನ್ನೂ ಒಂದು: ಚುಕ್ತಾ ಕಾಗದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಗ್ರಾಚುಟಿ ಹಕ್ಕು ಹೋಗುವುದಿಲ್ಲ. ಕಾಯ್ದೆ ಅಂಥ ಒಪ್ಪಂದಕ್ಕಿಂತ ಮೇಲು.

ಕತ್ತರಿ ಕೆಲಸ (ಅಂಧೇರಿ)

ಕೊನೆಯ ವಿಷಯವನ್ನು ದಯವಿಟ್ಟು ಶೀನಣ್ಣನಿಗೆ ಹೇಳಬೇಡಿ ಸರ್. ಸಿನಿಮಾ ಎರಡನೇ ನಿಮಿಷಕ್ಕೇ ಮುಗಿದುಹೋಗುತ್ತದೆ.

ಉಳಿದದ್ದು ಚಿನ್ನ. ಕವರಿನಲ್ಲಿ ಒಂದು ಲಕ್ಷ. ನಿಜವಾಗಿ ಬರಬೇಕಾದ್ದು ಮೂರು ಲಕ್ಷದ ಮೇಲೆ. ಸಹಿ ಹಾಕುತ್ತಾನಾ ಇಲ್ಲವಾ? ಇದಕ್ಕೆ 15 ನಿಮಿಷ ಸರಿಯಾಗಿ ಸಾಕು.

ಆದರೆ ಈ 15, 26ರ ಲೆಕ್ಕ ಅವನಿಗೆ ಹೇಗೆ ಗೊತ್ತು? ನೋಡುವವರು ಮೊದಲು ಕೇಳುವುದು ಅದನ್ನೇ. ಯಾರೋ ವಕೀಲ ಗಿರಾಕಿ ಹೇಳಿಕೊಟ್ಟ ಅಂತ ಮಾತ್ರ ಮಾಡಬೇಡಿ. ಆ ವಕೀಲನಿಗೆ ಇನ್ನೊಂದು ಸೀನು ಬೇಕಾಗುತ್ತದೆ.

ಕರಿಕೋಟು (ಥಾಣೆ)

ವಕೀಲರೇ ಬೇಡ. ಆ ಕಾಯ್ದೆಯ ನಿಯಮದ ಪ್ರಕಾರ ಅದರ ಸಾರಾಂಶವನ್ನು ಮಾಲೀಕರು ಬಾಗಿಲ ಹತ್ತಿರ, ಎಲ್ಲರಿಗೂ ಕಾಣುವ ಹಾಗೆ ಹಾಕಬೇಕಿತ್ತು. ಇಂಗ್ಲಿಷ್‌ನಲ್ಲಿ ಒಂದು, ಕೆಲಸಗಾರರಲ್ಲಿ ಹೆಚ್ಚಿನವರಿಗೆ ಗೊತ್ತಿರುವ ಭಾಷೆಯಲ್ಲಿ ಒಂದು. ಹಳೆ ಅಂಗಡಿಗಳಲ್ಲಿ ಲೈಸೆನ್ಸುಗಳ ಪಕ್ಕ ಚೌಕಟ್ಟಿನಲ್ಲಿ ತೂಗುಹಾಕಿರುವುದನ್ನು ನೋಡಿರುತ್ತೀರಿ. ಯಾರೂ ಓದುವುದಿಲ್ಲ.

ಕಿಂಗ್ಸ್ ಸರ್ಕಲ್ ಅಕ್ಕ

ನಮ್ಮಲ್ಲೂ ಇತ್ತು! ದೇವರ ಫೋಟೋ ಸಾಲಿನ ಕೆಳಗೆ. ದೇವರಿಗೆ ಹೂ ಹಾಕುವ ಹುಡುಗನೇ ಆ ಗಾಜನ್ನೂ ಒರೆಸಬೇಕಿತ್ತು. ಶೀನಣ್ಣ ದಿನಾ ಒರೆಸಿದ್ದಾನೆ. ಒರೆಸುವಾಗ ಓದಿದ್ದಾನೆ. ಇಷ್ಟೇ ಬೇಕಾಗಿದ್ದದ್ದು.

ಮೀರಾ ರೋಡ್ ತುಳುವ

ಕಥೆ ಬಿಡಿ, ಮಾತಿನ ಬಗ್ಗೆ ಯಾರಾದರೂ ಹೇಳಿ ಮಾರಾಯ್ರೆ. ಇವರ ಸ್ಕ್ರಿಪ್ಟಿನಲ್ಲಿ ಎಲ್ಲರೂ ಕನ್ನಡ ಪಾಠ ಪುಸ್ತಕದ ಹಾಗೆ ಮಾತಾಡುತ್ತಾರೆ. ‘ನಾನು ಇಂದು ಊರಿಗೆ ತೆರಳುತ್ತಿದ್ದೇನೆ’ ಅಂತೆ! ಕುಂದಾಪುರದವನು? ಮಾಟುಂಗಾದಲ್ಲಿ? ಅವನು ಮಾಲೀಕರ ಹತ್ತಿರ ಕುಂದಾಪ್ರ ಕನ್ನಡ, ಭಟ್ಟರ ಹತ್ತಿರ ತುಳು, ಗಿರಾಕಿ ಹತ್ತಿರ ಹಿಂದಿ, ತರಕಾರಿಯವನ ಹತ್ತಿರ ಮರಾಠಿ ಆಡುತ್ತಾನೆ. ಒಂದೇ ಉಸಿರಿನಲ್ಲಿ. ಮಾಲೀಕರ ಮಗ ಇಲ್ಲೇ ಹುಟ್ಟಿದವನು, ಅವನ ಕನ್ನಡದಲ್ಲಿ ಅರ್ಧ ಹಿಂದಿ ಇರುತ್ತದೆ.

ಬರೆಯುವ ರೀತಿ ಹೇಳುತ್ತೇನೆ, ನಾಟಕದಲ್ಲಿ ನಾವು ಮಾಡುವುದು. ಪಾತ್ರದ ಹೆಸರಿನ ಪಕ್ಕ ಭಾಷೆ ಬರೆಯಿರಿ. ಮಾತನ್ನು ಯಾವ ಭಾಷೆಯಾದರೂ ಕನ್ನಡ ಲಿಪಿಯಲ್ಲೇ ಇಡಿ. ನಟನಿಗೆ ಕನ್ನಡ ಓದಲು ಬರದಿದ್ದರೆ ಅವನ ಮಾತಿಗಷ್ಟೇ ದೇವನಾಗರಿ ಪ್ರತಿ ಬೇರೆ ಮಾಡಿ ಕೊಡಿ. ಮುಂಬಯಿಯಲ್ಲಿ ಬೆಳೆದ ನಮ್ಮ ಹುಡುಗರಲ್ಲಿ ಚೆನ್ನಾಗಿ ಕನ್ನಡ ಮಾತಾಡಿ, ಓದಲು ಬಾರದವರು ಬಹಳ ಜನ.

ವಾಸ್ಕೋ ವಾಸಿ (ಗೋವಾ)

ನನಗೆ ಬೇರೆ ಅನಿಸುತ್ತದೆ. ಇಷ್ಟೊಂದು ಭಾಷೆ ತುಂಬಿದರೆ ಹೊರಗಿನವರಿಗೆ ಏನು ಗೊತ್ತಾಗುತ್ತದೆ? 2004ರಿಂದ ಇಫಿ (ಅಂತರರಾಷ್ಟ್ರೀಯ ಚಲನಚಿತ್ರೋತ್ಸವ) ಪಣಜಿಯಲ್ಲೇ ನಡೆಯುತ್ತಿದೆ, ಹೋಗುತ್ತಾ ಇರುತ್ತೇನೆ. ಸಬ್‌ಟೈಟಲ್ ನೋಡುವವನಿಗೆ ಕುಂದಾಪ್ರ ಕನ್ನಡವೂ ಒಂದೇ, ಮೈಸೂರು ಕನ್ನಡವೂ ಒಂದೇ. ಹಿಂದಿಯಲ್ಲಿ ಮಾಡಿದರೆ ಕಡೇಪಕ್ಷ ನಟರಾದರೂ ಸುಲಭವಾಗಿ ಸಿಗುತ್ತಾರೆ.

ಉದ್ದದ ಬಗ್ಗೆಯೂ ಒಂದು ಮಾತು. ಆಸ್ಕರ್‌ನವರು 40 ನಿಮಿಷದವರೆಗೂ ಕಿರುಚಿತ್ರ ಅನ್ನುತ್ತಾರೆ, ನಿಜ. ಆದರೆ ಉತ್ಸವದವರು ಐದಾರು ಸಿನಿಮಾ ಸೇರಿಸಿ ಒಂದು ಶೋ ಮಾಡಬೇಕು. 12 ನಿಮಿಷದ್ದು ಎಲ್ಲಾದರೂ ಸೇರಿಕೊಳ್ಳುತ್ತದೆ. 30 ನಿಮಿಷದ್ದು ಇಬ್ಬರ ಜಾಗ ತಿನ್ನುತ್ತದೆ.

ಮೀರಾ ರೋಡ್ ತುಳುವ

ಸಬ್‌ಟೈಟಲ್ ನೋಡುವವನಿಗೆ ಕಿವಿ ಇಲ್ಲವಾ? ಇಬ್ಬರು ಒಂದೇ ಭಾಷೆಯಲ್ಲಿ ಮಾತಾಡಿಯೂ ಬೇರೆ ಬೇರೆ ಊರಿನವರು ಅಂತ ಧ್ವನಿಯಲ್ಲೇ ಗೊತ್ತಾಗುತ್ತದೆ. ಹಿಂದಿಯಲ್ಲಿ ಮಾಡುವುದಾದರೆ ಶೀನಣ್ಣ ಯಾಕೆ, ಬೇರೆ ಕಥೆ ಮಾಡಲಿ.

ವಾಸ್ಕೋ ವಾಸಿ (ಗೋವಾ)

ಸರಿಪ್ಪಾ, ನಾನು ಕಥೆ ಕೆಡಿಸಲು ಬಂದವನಲ್ಲ. ಸಬ್‌ಟೈಟಲ್ ಅಂದರೆ ಎರಡು ಸಾಲು, ಸಾಲಿಗೆ ನಲವತ್ತು ಚಿಲ್ಲರೆ ಅಕ್ಷರ, ಅಷ್ಟನ್ನೇ ಕಣ್ಣು ಓದುತ್ತದೆ. ಮಾತು ಯಾವ ಭಾಷೆಯಲ್ಲಾದರೂ ಇರಲಿ, ಚಿಕ್ಕದಾಗಿರಲಿ. ಇಷ್ಟಕ್ಕೆ ಒಪ್ಪುತ್ತೀರಾ?

ಮೀರಾ ರೋಡ್ ತುಳುವ

ಇಷ್ಟಕ್ಕೆ ಒಪ್ಪಿದೆ.

ಕಲ್ಯಾಣ್ ಸ್ಲೋ (ಡೊಂಬಿವಲಿ)

ಎಲ್ಲ ಓದುತ್ತಾ ಇದ್ದೇನೆ, ಬರೆಯುತ್ತಲೂ ಇದ್ದೇನೆ. ನಡುವೆ ಮೂರು ಸಣ್ಣ ಪ್ರಶ್ನೆ. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಫೈಲು ನಟರ ಮೊಬೈಲಲ್ಲಿ ಕಾಗೆ ಕಾಲು ಗುಬ್ಬಿ ಕಾಲು ಆಗಿ ಕಾಣುತ್ತಿದೆ, ಏನು ಮಾಡಲಿ? ಹೋಟೆಲ್ ರೇಡಿಯೋದಲ್ಲಿ ಒಂದು ಹಳೆ ಚಿತ್ರಗೀತೆ ಹಾಕಬಹುದಾ? ಇಲ್ಲಿ ಕಥೆ ಹಾಕಿದ್ದೇನಲ್ಲ, ಯಾರಾದರೂ ಎತ್ತಿಕೊಂಡರೆ?

ಕತ್ತರಿ ಕೆಲಸ (ಅಂಧೇರಿ)

ಯುನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆ ಫೈಲನ್ನು ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್ ಸಿಗುತ್ತದೆ. ಆಮೇಲೆ ಗೂಗಲ್ ಡಾಕ್ಸ್ ಸಾಕು. ಸ್ಕ್ರಿಪ್ಟ್ ಸಾಫ್ಟ್‌ವೇರ್ ಹುಡುಕುತ್ತಾ ಕೂತವರು ಸ್ಕ್ರಿಪ್ಟ್ ಬರೆದದ್ದನ್ನು ನಾನು ಕಂಡಿಲ್ಲ. ಮೊದಲ ಸಾಲಿನಲ್ಲಿ ಒಳಗೋ ಹೊರಗೋ, ಯಾವ ಜಾಗ, ಯಾವ ಹೊತ್ತು. ಆಮೇಲೆ ಏನು ನಡೆಯುತ್ತದೆ. ಆಮೇಲೆ ಯಾರು ಏನು ಅನ್ನುತ್ತಾರೆ. ನಟರಿಗೆ ಪಿಡಿಎಫ್ ಮಾಡಿ ಕಳಿಸಿ.

ಕರಿಕೋಟು (ಥಾಣೆ)

ಹಾಡು ಬೇಡ. ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆ. ಸಾಹಿತ್ಯ ಬರೆದವರದ್ದು, ಸಂಗೀತ ಮಾಡಿದವರದ್ದು ಬೇರೆ, ಅವರು ತೀರಿಕೊಂಡ ಮೇಲೆ 60 ವರ್ಷ. ‘ಹತ್ತೇ ಸೆಕೆಂಡ್ ಬಳಸಿದರೆ ಪರವಾಗಿಲ್ಲ’ ಅನ್ನುವುದು ವಾಟ್ಸಾಪ್ ಕಾನೂನು. ಯೂಟ್ಯೂಬ್ ಆ ಹತ್ತು ಸೆಕೆಂಡನ್ನೂ ಹಿಡಿಯುತ್ತದೆ.

ಕಥೆಯ ವಿಷಯಕ್ಕೆ ಬಂದರೆ, ಬರೀ ಐಡಿಯಾಕ್ಕೆ ಕಾಪಿರೈಟ್ ಇಲ್ಲ. 1978ರಲ್ಲಿ ಸುಪ್ರೀಂ ಕೋರ್ಟ್ ಒಂದು ನಾಟಕ ಮತ್ತು ಸಿನಿಮಾದ ಜಗಳದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ನೀವು ಬರೆದ ರೂಪಕ್ಕೆ ಮಾತ್ರ ರಕ್ಷಣೆ. ಹಾಗಾಗಿ ಪೂರ್ತಿ ಬರೆದು ಮುಗಿಸಿ. ಅಂಧೇರಿಯಲ್ಲಿ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್ ಇದೆ, ಸದಸ್ಯರಾಗಿ ಆನ್‌ಲೈನ್‌ನಲ್ಲೇ ರಿಜಿಸ್ಟರ್ ಮಾಡಿಸಬಹುದು. ಇಂಥ ದಿನ ಇದು ನಿಮ್ಮ ಹತ್ತಿರ ಇತ್ತು ಅನ್ನುವುದಕ್ಕೆ ದಾಖಲೆ ಆಗುತ್ತದೆ.

ಅದಕ್ಕಿಂತ ಮೊದಲು ನಿಮ್ಮ ನಾಲ್ಕು ಜನರ ನಡುವೆ ಒಂದು ಕಾಗದ ಮಾಡಿಕೊಳ್ಳಿ. ಸಿನಿಮಾ ಯಾರದ್ದು, ಬಹುಮಾನ ಬಂದರೆ ಹೇಗೆ ಹಂಚಿಕೆ ಅಂತ. ಕಥೆ ಕದಿಯುವವರಿಗಿಂತ ಜಗಳಾಡುವ ಸ್ನೇಹಿತರು ಜಾಸ್ತಿ ಬರುತ್ತಾರೆ ನನ್ನ ಆಫೀಸಿಗೆ.

ಕಲ್ಯಾಣ್ ಸ್ಲೋ (ಡೊಂಬಿವಲಿ)

ಹೊಸದಾಗಿ ಬರೆದೆ. ಈಗ ಒಟ್ಟು ಎಂಟೇ ಪುಟ. ಗಟ್ಟಿಯಾಗಿ ಓದಿ, ಮಾಡಿ ನೋಡಿದರೆ ಹನ್ನೆರಡು ನಿಮಿಷದ ಹತ್ತಿರ ಬರುತ್ತಿದೆ. ನಡುವಿನ ಸೀನು ಹಾಕುತ್ತಿದ್ದೇನೆ.

*ಇಂಟೀರಿಯರ್. ಹೋಟೆಲ್ ಹಾಲ್. ಮಧ್ಯಾಹ್ನ*

*ಶಟರ್ ಅರ್ಧ ಇಳಿದಿದೆ. ಕುರ್ಚಿಗಳು ಟೇಬಲ್ ಮೇಲೆ ತಲೆಕೆಳಗಾಗಿವೆ. ಒಂದು ಟೇಬಲ್ ಮಾತ್ರ ಖಾಲಿ. ಪಕ್ಕದಲ್ಲಿ ತಗಡಿನ ಟ್ರಂಕು, ಹಗ್ಗ ಕಟ್ಟಿದ ಹಾಸಿಗೆ. ಗೋಡೆಯಿಂದ ಇಳಿಸಿದ ಚೌಕಟ್ಟುಗಳು ಸಾಲಾಗಿ ನೆಲಕ್ಕೆ ಒರಗಿವೆ: ದೇವರು, ಹಳೆ ಮಾಲೀಕರು, ಲೈಸೆನ್ಸು, ಇಂಗ್ಲಿಷ್ ಅಕ್ಷರ ತುಂಬಿದ ಒಂದು ಕಾಗದ.*

*ರಾಜೇಶ (ಹಳೆ ಮಾಲೀಕರ ಮಗ) ಟೇಬಲ್ ಮೇಲೆ ಒಂದು ಕವರ್, ಒಂದು ಕಾಗದ, ಪೆನ್ನು ಇಡುತ್ತಾನೆ. ಕಾಗದದ ಕೆಳತುದಿಗೆ ಬೆರಳಿಡುತ್ತಾನೆ.*

*ರಾಜೇಶ: ಇಲ್ಲೊಂದ್ ಸೈನ್ ಹಾಕಿ ಶೀನಣ್ಣ. ಬಸ್, ಫಾರ್ಮಾಲಿಟಿ ಹೈ.*

*ಶೀನಣ್ಣ: ಎಂತ ಬರ್ದಿತ್?*

*ರಾಜೇಶ (ಫೋನ್ ನೋಡುತ್ತಾ): ಎಂತ ಇಲ್ಲ. ನಿಮ್ಗೆ ದುಡ್ಡು ಸಿಕ್ಕಿದೆ ಅಂತ.*

*ಶೀನಣ್ಣ ಅಂಗಿ ಜೇಬಿನಿಂದ ಕನ್ನಡಕ ತೆಗೆಯುತ್ತಾನೆ. ಒಂದು ಕಡ್ಡಿಗೆ ದಾರ ಕಟ್ಟಿದೆ. ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಸಾಲಿನ ಕೆಳಗೆ ಬೆರಳು ಓಡಿಸುತ್ತಾ ಓದುತ್ತಾನೆ.*

*ಶೀನಣ್ಣ (ಇಂಗ್ಲಿಷ್, ನಿಧಾನ): ಫುಲ್... ಆಂಡ್ ಫೈನಲ್... ಸೆಟ್ಲ್‌ಮೆಂಟ್... ಆಫ್ ಆಲ್ ಡ್ಯೂಸ್.*

*ರಾಜೇಶನ ಹೆಬ್ಬೆರಳು ಫೋನ್ ಮೇಲೆ ನಿಲ್ಲುತ್ತದೆ. ಶೀನಣ್ಣ ಕವರ್ ತೆರೆದು ನೋಟು ಎಣಿಸುತ್ತಾನೆ. ಗಲ್ಲಾದಲ್ಲಿ ಕೂತವರ ವೇಗ. ಎಣಿಸಿ ಮತ್ತೆ ಒಳಗಿಡುತ್ತಾನೆ. ನೆಲದ ಮೇಲಿನ ಚೌಕಟ್ಟುಗಳ ಕಡೆ ಒಮ್ಮೆ ನೋಡುತ್ತಾನೆ. ಕಿವಿಯ ಹಿಂದಿನ ಪೆನ್ಸಿಲ್ ತೆಗೆದು ಆರ್ಡರ್ ಬುಕ್ಕಿನಲ್ಲಿ ಬರೆಯುತ್ತಾನೆ: 18,000. ಕೆಳಗೆ 15. ಕೆಳಗೆ 26. ಕೆಳಗೆ 31. ಗೆರೆ ಎಳೆಯುತ್ತಾನೆ.*

*ದೂರದಲ್ಲಿ ಸ್ಟೇಷನ್ನಿನ ಅನೌನ್ಸ್‌ಮೆಂಟ್.*

*ಚೀಟಿ ಹರಿದು, ಸೋಂಪಿನ ತಟ್ಟೆಯ ಕೆಳಗೆ ಸಿಕ್ಕಿಸಿ, ಗಿರಾಕಿಗೆ ಬಿಲ್ ಇಡುವ ಹಾಗೆ ರಾಜೇಶನ ಮುಂದೆ ಇಡುತ್ತಾನೆ.*

*ರಾಜೇಶ: ಇದೆಲ್ಲಾ ಎಲ್ಲಿ ಕಲಿತ್ರಿ ನೀವು?*

*ಶೀನಣ್ಣ: ನೈಟ್ ಸ್ಕೂಲ್. ಫೋರ್ಟ್. ಹಗಲು ನಿಮ್ಮ ಅಪ್ಪನ ಹೋಟೆಲಿನಲ್ಲಿ ದುಡಿದು ರಾತ್ರಿ ಕಲಿತದ್ದು.*

ಕಿಂಗ್ಸ್ ಸರ್ಕಲ್ ಅಕ್ಕ

ಸೋಂಪಿನ ತಟ್ಟೆ! ಬಹಳ ಇಷ್ಟವಾಯಿತು ತಮ್ಮಾ.

ಕತ್ತರಿ ಕೆಲಸ (ಅಂಧೇರಿ)

ತಟ್ಟೆ ಇಟ್ಟಲ್ಲಿಗೆ ಸೀನು ಮುಗಿಯಿತು. ಕೊನೆಯ ಎರಡು ಮಾತು ಬೇಡ. ಬಿಲ್ಲು ಕೊಟ್ಟ ಮೇಲೆ ಗಿರಾಕಿಗೆ ಅಡಿಗೆ ಹೇಗೆ ಮಾಡಿದೆ ಅಂತ ವಿವರಿಸುತ್ತಾರಾ?

ಇನ್ನೊಂದು. ಅವನು ಚೌಕಟ್ಟಿನ ಕಡೆ ನೋಡುವುದು ಗೊತ್ತಾಗಬೇಕಾದರೆ ಆ ಕಾಗದ ಮೊದಲ ನಿಮಿಷದಲ್ಲೇ ಒಂದು ಸಲ ಕಾಣಿಸಬೇಕು. ಮೊದಲ ಸೀನಿನಲ್ಲಿ ಅವನು ಒಂದೊಂದೇ ಚೌಕಟ್ಟು ಇಳಿಸಿ ಬಟ್ಟೆಯಲ್ಲಿ ಒರೆಸಲಿ. ದೇವರನ್ನು ಒರೆಸಿದ ಹಾಗೆಯೇ ಅದನ್ನೂ.

ಕೊಥ್ರೂಡ್ ಕಾಕಾ (ಪುಣೆ)

ನಾನು ಒಪ್ಪುವುದಿಲ್ಲ. ನೈಟ್ ಸ್ಕೂಲ್ ಅನ್ನುವ ಒಂದು ಮಾತು ಇರಲಿ. ಆ ಹುಡುಗರ ಬಗ್ಗೆ ಗೊತ್ತಿಲ್ಲದವರಿಗೆ, ಇವನಿಗೆ ಇಂಗ್ಲಿಷ್ ಎಲ್ಲಿಂದ ಬಂತು ಅನ್ನುವುದು ಬೇಕಾಗುತ್ತದೆ. ಆದರೆ ‘ಹಗಲು ದುಡಿದು ರಾತ್ರಿ ಕಲಿತದ್ದು’ ತೆಗೆಯಿರಿ. ಅದು ಶೀನಣ್ಣನ ಮಾತಲ್ಲ, ನಿಮ್ಮ ಭಾಷಣ. ‘ಫೋರ್ಟ್ ನೈಟ್ ಸ್ಕೂಲ್’ ಅಷ್ಟೇ ಅಂದು ಟ್ರಂಕಿಗೆ ಕೈ ಹಾಕಲಿ.

ಕಲ್ಯಾಣ್ ಸ್ಲೋ (ಡೊಂಬಿವಲಿ)

ಕಾಕಾ ಹೇಳಿದ ಹಾಗೆ ಇಡುತ್ತೇನೆ. ಎಡಿಟಿಂಗ್‌ನಲ್ಲಿ ಬೇಡ ಅನಿಸಿದರೆ ತೆಗೆಯಲು ಬರುತ್ತದೆ, ಇಲ್ಲದಿದ್ದರೆ ಸೇರಿಸಲು ಬರುವುದಿಲ್ಲ. ಕೊನೆಗೆ ಸಹಿ ಹಾಕಬೇಕಾ ಬೇಡವಾ ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ.

ಕಿಂಗ್ಸ್ ಸರ್ಕಲ್ ಅಕ್ಕ

ಹಾಕಲೇಬಾರದು.

ಮೀರಾ ರೋಡ್ ತುಳುವ

ಹಾಕುತ್ತಾನೆ ಅಕ್ಕ. ಹಳೆ ಮಾಲೀಕರ ಮುಖ ನೋಡಿ ಹಾಕುತ್ತಾನೆ. ನಾನು ನೋಡಿದ ಶೀನಣ್ಣಂದಿರು ಎಲ್ಲರೂ ಹಾಕಿದ್ದಾರೆ.

ಕಿಂಗ್ಸ್ ಸರ್ಕಲ್ ಅಕ್ಕ

ಅದಕ್ಕೇ ಇವನು ಹಾಕಬಾರದು.

ಕತ್ತರಿ ಕೆಲಸ (ಅಂಧೇರಿ)

ಯಾವುದೋ ಒಂದು ಮಾಡಿ, ಆದರೆ ಮಾಡಿ. ಪೆನ್ನು ಕಾಗದದ ಹತ್ತಿರ ಬಂದಾಗ ಪರದೆ ಕಪ್ಪು ಮಾಡುವ ಉಪಾಯ ಬೇಡ. ಅದು ಬರೆಯುವವನಿಗೆ ಗೊತ್ತಿಲ್ಲ ಅಂತ ಅರ್ಥ. ಮೊದಲ ಸೀನಿನಿಂದ ಅವನು ಏನೇನು ಮಾಡಿದ್ದಾನೋ ಬರೆದು ಮುಂದಿಟ್ಟುಕೊಳ್ಳಿ. ಬಂದ್ ಆಗುವ ಹೋಟೆಲಿನ ಗಾಜನ್ನೂ ಒರೆಸುವವನು ಸಹಿ ಹಾಕುತ್ತಾನಾ? ನೋಟು ಎಣಿಸಿ ನೋಡುವವನು?

ಬೂಮ್ ಹುಡುಗ (ಗೋರೆಗಾಂವ್)

ಸೋಮವಾರ ಅಂತಾದರೆ ನಾನು ರೆಕಾರ್ಡರ್ ತೆಗೆದುಕೊಂಡು ಬರುತ್ತೇನೆ, ದುಡ್ಡು ಬೇಡ, ಊಟ ಕೊಟ್ಟರೆ ಸಾಕು. ಹೋಟೆಲಿನವರ ಹತ್ತಿರ ಮೊದಲೇ ಮಾತಾಡಿ: ಫ್ಯಾನು, ಎಕ್ಸಾಸ್ಟ್, ಫ್ರಿಜ್ ಮೂರೂ ಬಂದ್ ಬೇಕು. ಫ್ರಿಜ್ ಆಫ್ ಮಾಡಿದವರು ತಮ್ಮ ಗಾಡಿ ಕೀಯನ್ನು ಅದರೊಳಗೇ ಇಡಲಿ. ಕೀ ಇಲ್ಲದೆ ಮನೆಗೆ ಹೋಗಲು ಆಗುವುದಿಲ್ಲ, ಫ್ರಿಜ್ ಮತ್ತೆ ಆನ್ ಮಾಡುವುದು ಮರೆಯುವುದಿಲ್ಲ. ಒಂದು ಸಲ ಯಾರೋ ಮರೆತು ಹತ್ತು ಕಿಲೋ ಇಡ್ಲಿ ಹಿಟ್ಟಿನ ದುಡ್ಡು ನಾವೆಲ್ಲ ಸೇರಿ ಕಟ್ಟಿದ್ದೇವೆ.